ನನ್ನ ಹಳೆಯ ಕಂಪ್ಯೂಟರಿಗೆ ಹೊಂದದ ಗ್ರಾಫಿಕ್ಸ್ ಕಾರ್ಡ್ ಕೊಟ್ಟಿದ್ದೀರಿ, ಬದಲಾಯಿಸಿಕೊಡಿ

ಗ್ರಾಹಕ ಸೇವಾ ವಿಭಾಗದವರಿಗೆ,

ನಮಸ್ಕಾರ.

ನಿಮ್ಮಿಂದ ತರಿಸಿಕೊಂಡ ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡನ್ನು ವಾಪಸ್ ತೆಗೆದುಕೊಳ್ಳಿ ಅಂತ ಕೇಳಿದ್ದಕ್ಕೆ, "ಕಾರ್ಡಿನಲ್ಲಿ ದೋಷವಿಲ್ಲ, ವಾಪಸ್ ಪಡೆಯಲಾಗುವುದಿಲ್ಲ" ಎಂಬ ಒಂದೇ ಸಾಲಿನ ಉತ್ತರ ಬಂದಿದೆ. ಕಾರ್ಡ್ ಕೆಟ್ಟಿದೆ ಅಂತ ನಾನು ಎಲ್ಲೂ ಹೇಳಿಲ್ಲ. ನನ್ನ ಕಂಪ್ಯೂಟರಿಗೆ ಇದು ಸರಿಹೋಗುತ್ತದೆ ಅಂತ ನೀವು ಬರೆದು ಕೊಟ್ಟಿರಿ. ಆ ಮಾತು ತಪ್ಪು. ನನ್ನ ದೂರು ಇರುವುದು ಅದರ ಮೇಲೆ.

ಕೊಳ್ಳುವ ಮುಂಚೆ ನಿಮ್ಮ ಸಲಹಾ ವಿಭಾಗಕ್ಕೆ ಎಲ್ಲ ವಿವರ ಕಳಿಸಿದ್ದೆ. ಐ5-4590 ಪ್ರೊಸೆಸರ್, ಬಿ85 ಮದರ್‌ಬೋರ್ಡ್, 500 ವಾಟ್ ಪವರ್ ಸಪ್ಲೈ, ಅದರಲ್ಲಿ 8 ಪಿನ್ ಕೇಬಲ್ ಕೂಡ ಇದೆ, ಈಗಿರುವುದು 2 ಜಿಬಿಯ ಜಿಟಿಎಕ್ಸ್ 960 ಗ್ರಾಫಿಕ್ಸ್ ಕಾರ್ಡ್. ಆಡುವುದು 1080ಪಿ ಮಾನಿಟರಿನಲ್ಲಿ, ಆಡುವಾಗ ರೆಕಾರ್ಡಿಂಗ್ ಕೂಡ ಮಾಡುತ್ತೇನೆ ಅಂತಲೂ ಬರೆದಿದ್ದೆ. ಇಡೀ ಕಂಪ್ಯೂಟರ್ ಬದಲಾಯಿಸುವ ಸ್ಥಿತಿಯಲ್ಲಿ ಇಲ್ಲ, ಕಾರ್ಡ್ ಮಾತ್ರ ಬದಲಾಯಿಸಿ ಇನ್ನೊಂದಷ್ಟು ವರ್ಷ ಓಡಿಸಬೇಕು, ಅದಕ್ಕೇ ಕೇಳುತ್ತಿದ್ದೇನೆ ಅಂತ ಸ್ಪಷ್ಟವಾಗಿ ಹೇಳಿದ್ದೆ. ಅದಕ್ಕೆ ನಿಮ್ಮವರು 6500 ಎಕ್ಸ್‌ಟಿ ತೆಗೆದುಕೊಳ್ಳಿ, ಕರೆಂಟ್ ಕಡಿಮೆ ತಿನ್ನುತ್ತದೆ, ಹಳೆಯ ಸಿಸ್ಟಮ್‌ಗೆ ಇದೇ ಬೆಸ್ಟ್ ಅಂದರು.

ಹಳೆಯ ಸಿಸ್ಟಮ್‌ಗೆ ಯಾವ ಕಾರಣಕ್ಕೂ ಹೇಳಬಾರದ ಕಾರ್ಡ್ ಅದು!

ಯಾಕೆ ಅಂತ ಹೇಳುತ್ತೇನೆ. ಕಾರ್ಡಿನ ಉದ್ದನೆಯ ಕನೆಕ್ಟರ್ ನೋಡಿದರೆ ಮದರ್‌ಬೋರ್ಡ್ ಸ್ಲಾಟಿನ 16 ಲೇನ್‌ಗಳನ್ನೂ, ಅಂದರೆ ಡೇಟಾ ಓಡಾಡುವ ದಾರಿಗಳನ್ನೂ, ಬಳಸುತ್ತದೆ ಅನ್ನಿಸುತ್ತದೆ. ಆದರೆ 2022ರ ಜನವರಿಯಲ್ಲಿ ಬಂದ ಈ ಕಾರ್ಡ್ ಬಳಸುವುದು ನಾಲ್ಕೇ ಲೇನ್. ಕಾರ್ಡಿಗೂ ಬೋರ್ಡಿಗೂ ನಡುವಿನ ಸಂಪರ್ಕವಾದ ಪಿಸಿಐ ಎಕ್ಸ್‌ಪ್ರೆಸ್‌ನ 4.0 ಆವೃತ್ತಿ ಇರುವ ಹೊಸ ಬೋರ್ಡಿನಲ್ಲಿ ಆ ನಾಲ್ಕು ಲೇನ್‌ಗಳಲ್ಲೇ ಸೆಕೆಂಡಿಗೆ ಸುಮಾರು 8 ಜಿಬಿ ಡೇಟಾ ಹೋಗುತ್ತದೆ. ನನ್ನ ಬಿ85 ಬೋರ್ಡ್ ಇರುವುದು ಅದರ ಹಿಂದಿನ ಆವೃತ್ತಿ 3.0ರಲ್ಲಿ. ಅಲ್ಲಿ ಅದು ಸುಮಾರು 4 ಜಿಬಿಗೆ ಇಳಿಯುತ್ತದೆ. ನನ್ನ ಹಳೆಯ 960 ಇದೇ ಬೋರ್ಡಿನಲ್ಲಿ 16 ಲೇನ್ ಬಳಸುತ್ತಿತ್ತು, ಅಂದರೆ ಇದರ ನಾಲ್ಕು ಪಟ್ಟು. ಕಾರ್ಡಿನಲ್ಲಿರುವ ಮೆಮೊರಿ ಸಾಕಷ್ಟಿದ್ದರೆ ಇದು ಅಷ್ಟು ಕಾಡುತ್ತಿರಲಿಲ್ಲ. ಆದರೆ ಇದರಲ್ಲಿರುವುದು 4 ಜಿಬಿ. ಈಗಿನ ಗೇಮ್‌ಗಳಲ್ಲಿ ಟೆಕ್ಸ್ಚರ್ (ವಸ್ತುಗಳ ಮೇಲ್ಮೈ ಚಿತ್ರಗಳ ಗುಣಮಟ್ಟ) ಸ್ವಲ್ಪ ಜಾಸ್ತಿ ಇಟ್ಟರೆ ಅದು ತುಂಬಿಹೋಗುತ್ತದೆ, ಆಮೇಲೆ ಬೇಕಾದ್ದನ್ನೆಲ್ಲ ಕಾರ್ಡ್ ಕಂಪ್ಯೂಟರಿನ ರ‍್ಯಾಮ್‌ನಿಂದ ಆ ಸಣ್ಣ ದಾರಿಯಲ್ಲೇ ತರಿಸಿಕೊಳ್ಳಬೇಕು. ತಿರುವಿನಲ್ಲಿ ಕ್ಯಾಮೆರಾ ತಿರುಗಿಸಿದ ತಕ್ಷಣ ಚಿತ್ರ ಹಿಡಿದು ನಿಲ್ಲುತ್ತದೆ, ಮತ್ತೆ ಓಡುತ್ತದೆ, ಮತ್ತೆ ನಿಲ್ಲುತ್ತದೆ. ಸೆಕೆಂಡಿಗೆ ಎಷ್ಟು ಫ್ರೇಮ್ (ಚಿತ್ರ) ಎಂಬ ಸರಾಸರಿ ಲೆಕ್ಕ ನೋಡಿದರೆ ಚೆನ್ನಾಗಿಯೇ ಕಾಣುತ್ತದೆ, ಆಡಲು ಕೂತರೆ ತಲೆ ಕೆಡುತ್ತದೆ.

ನಿಮ್ಮ ಸರ್ವಿಸ್ ಸೆಂಟರಿನವರು "ನಮ್ಮಲ್ಲಿ ಟೆಸ್ಟ್ ಮಾಡಿದೆವು, ಸರಿಯಾಗಿ ಓಡುತ್ತಿದೆ" ಅಂದರು. ಓಡಲೇಬೇಕು, ಯಾಕೆಂದರೆ ಅವರು ಹಾಕಿ ನೋಡಿದ್ದು 4.0 ಇರುವ ಹೊಸ ಬೋರ್ಡಿಗೆ. ಅದನ್ನು ಅವರ ರಿಪೋರ್ಟಿನಲ್ಲೇ ಬರೆದಿದ್ದಾರೆ. ನನ್ನ ಸಮಸ್ಯೆ ಆ ಬೋರ್ಡಿನಲ್ಲಿ ಕಾಣುವುದಾದರೂ ಹೇಗೆ?

ಇನ್ನೊಬ್ಬರು ಫೋನಿನಲ್ಲಿ ಪ್ರೊಸೆಸರ್ ಹಳೆಯದಾಯಿತು, ಅದರಿಂದಲೇ ಹೀಗೆ ಅಂದರು. ನಾಲ್ಕು ಕೋರ್‌ನ 2014ರ ಪ್ರೊಸೆಸರಿಗೆ ಮಿತಿ ಇದೆ, ಅದು ನನಗೂ ಗೊತ್ತು. ಆದರೆ ಪರೀಕ್ಷೆ ಮಾಡುವುದು ಸುಲಭ. ಒಂದೇ ಗೇಮ್, ಒಂದೇ ಜಾಗ, ಬೇರೆ ಯಾವ ಸೆಟ್ಟಿಂಗ್ ಕೂಡ ಮುಟ್ಟದೆ ಟೆಕ್ಸ್ಚರ್ ಮಾತ್ರ ಹೈನಿಂದ ಲೋಗೆ ಇಳಿಸಿದೆ. ಮೆಮೊರಿ ಬಳಕೆ 4 ಜಿಬಿಯ ಒಳಗೆ ಬಂತು, ಹಿಡಿದು ನಿಲ್ಲುವುದು ಹೋಯಿತು. ಟೆಕ್ಸ್ಚರ್ ಇಳಿಸಿದರೆ ಪ್ರೊಸೆಸರಿನ ಕೆಲಸ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ತೊಂದರೆ ಪ್ರೊಸೆಸರಿನದ್ದಾಗಿದ್ದರೆ ಅದು ಹಾಗೇ ಉಳಿಯಬೇಕಿತ್ತು, ಅಲ್ವಾ? ಎರಡೂ ಸಲದ ವಿಡಿಯೊ ಮತ್ತು ಕಾರ್ಡ್ 3.0ರಲ್ಲಿ ನಾಲ್ಕು ಲೇನ್‌ನಲ್ಲಿ ಓಡುತ್ತಿರುವುದನ್ನು ತೋರಿಸುವ ಜಿಪಿಯು-ಝಡ್ ಎಂಬ ಸಾಫ್ಟ್‌ವೇರಿನ ಚಿತ್ರ ಇದರ ಜೊತೆಗಿದೆ. ದಯವಿಟ್ಟು ತೆರೆದು ನೋಡಿ.

ರೆಕಾರ್ಡಿಂಗ್ ವಿಷಯ ಇನ್ನೂ ಬೇಸರದ್ದು. 6500 ಎಕ್ಸ್‌ಟಿಯಲ್ಲಿ ರೆಕಾರ್ಡ್ ಆಗುವ ವಿಡಿಯೊವನ್ನು ಕುಗ್ಗಿಸಿ ಉಳಿಸುವ ಎನ್‌ಕೋಡರ್ ಇಲ್ಲವೇ ಇಲ್ಲ, ತೀರಾ ಸಾಮಾನ್ಯ ವಿಡಿಯೊ ಮಾದರಿಯಾದ ಎಚ್.264ಕ್ಕೆ ಕೂಡ ಇಲ್ಲ. 960ರಲ್ಲಿ ಕಾರ್ಡ್ ತಾನೇ ಮಾಡುತ್ತಿದ್ದ ಕೆಲಸ ಈಗ ಪ್ರೊಸೆಸರ್ ತಲೆಗೆ ಬಂದಿದೆ, ನಾಲ್ಕು ಕೋರ್ ಗೇಮನ್ನೂ ಓಡಿಸಿ ರೆಕಾರ್ಡಿಂಗನ್ನೂ ಮಾಡಬೇಕು. ಎರಡೂ ಹಾಳು. ಹಣ ಕೊಟ್ಟು ಅಪ್‌ಗ್ರೇಡ್ ಮಾಡಿಸಿಕೊಂಡವನು ಇದ್ದ ಸೌಲಭ್ಯ ಕಳೆದುಕೊಂಡಿದ್ದೇನೆ. ನಾನು ಬರೆದು ಕೇಳಿದ್ದೇ ಅದನ್ನು, ಆ ಸಾಲನ್ನು ನಿಮ್ಮವರು ಓದಿದಂತೆಯೇ ಕಾಣುವುದಿಲ್ಲ.

ನಿಮ್ಮ ಹತ್ತಿರವೇ ಸರಿಯಾದ ಕಾರ್ಡ್ ಇತ್ತು. ಉದಾಹರಣೆಗೆ ಆರ್‌ಎಕ್ಸ್ 6600: 8 ಜಿಬಿ ಮೆಮೊರಿ, ಎಂಟು ಲೇನ್, ಎನ್‌ಕೋಡರ್ ಇದೆ, 132 ವಾಟ್, ಸಾಮಾನ್ಯವಾಗಿ ಒಂದೇ 8 ಪಿನ್ ಕೇಬಲ್ ಸಾಕು. 3.0 ಬೋರ್ಡಿನಲ್ಲೂ ಅದು ಕಳೆದುಕೊಳ್ಳುವುದು ಕಡಿಮೆ. ಬೆಲೆ ಜಾಸ್ತಿ, ನಿಜ. ಆದರೆ ನನಗೆ ಅದನ್ನು ಹೇಳಿದ್ದರೆ ಕೊಡುವುದೋ ಬಿಡುವುದೋ ನಾನು ತೀರ್ಮಾನ ಮಾಡುತ್ತಿದ್ದೆ.

ಹಾಗಾಗಿ ಈ ಕಾರ್ಡನ್ನು ಪೂರ್ತಿ ಬೆಲೆಗೆ ವಾಪಸ್ ತೆಗೆದುಕೊಂಡು 6600 ಕಳಿಸಿ, ವ್ಯತ್ಯಾಸದ ಹಣ ಕೊಡುತ್ತೇನೆ. ಸ್ಟಾಕ್ ಇಲ್ಲವಾದರೆ ನನ್ನ ಹಣ ಕೊಟ್ಟುಬಿಡಿ. ಕಳಿಸುವ ಖರ್ಚು ನಿಮ್ಮದು, ಬಾಕ್ಸ್ ತೆರೆದಿದೆ ಅಂತ ಹಣ ಕಡಿತ ಮಾಡುವುದು ಬೇಡ. ತೆರೆದು ಹಾಕದೆ ಇದು ಗೊತ್ತಾಗುವುದಾದರೂ ಹೇಗೆ?

ಜೊತೆಗೆ, ನಿಮ್ಮ ಸಲಹಾ ವಿಭಾಗದವರು ವಾಟ್ ಮತ್ತು ಬೆಲೆ ಮಾತ್ರ ನೋಡಿ ಉತ್ತರ ಕೊಡುವುದನ್ನು ನಿಲ್ಲಿಸಲಿ. ಬೋರ್ಡ್ 3.0ನಾ 4.0ನಾ, ಕಾರ್ಡ್ ಎಷ್ಟು ಲೇನ್ ಬಳಸುತ್ತದೆ, ಎನ್‌ಕೋಡರ್ ಬೇಕಾ, ಇಷ್ಟು ಕೇಳಿದರೆ ಸಾಕಿತ್ತು. ಹಳೆಯ ಕಂಪ್ಯೂಟರ್ ಇಟ್ಟುಕೊಂಡವರು ಸುಮ್ನೆ ಹಣ ಖರ್ಚು ಮಾಡುವವರಲ್ಲ, ಕೂಡಿಟ್ಟು ಒಂದೇ ಸಲ ಕೊಳ್ಳುತ್ತಾರೆ. ಅವರಿಗೆ ಇಂಥ ಸಲಹೆ ಕೊಡಬೇಡಿ.

ಉತ್ತರವನ್ನು ತಾಂತ್ರಿಕ ವಿಷಯ ಗೊತ್ತಿರುವವರೇ ಬರೆಯಲಿ, ಲಿಖಿತವಾಗಿ ಬರಲಿ. ಬಿಲ್, ನಿಮ್ಮ ಸಲಹೆಯ ಪ್ರತಿ, ಸರ್ವಿಸ್ ರಿಪೋರ್ಟ್ ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ