ಬಡಿಗ ಹುಡುಗೂರು ಮೊದಲ ಗ್ರೈಂಡರ್ ಯಾಕ ತಗೋತೀರಿ?

ಸಂಪಾದಕರಿಗೆ ಶರಣ್ರೀ,

ಪಿಎಂ ವಿಶ್ವಕರ್ಮ ಯೋಜನೆದಾಗ ಹೆಸರು ಹಚ್ಚಿದ ಬಡಿಗ ಹುಡುಗೂರು ಕೇಳೋದು ಒಂದೇ ಮಾತು, ಒಂದೇ ಮಷಿನ್ ತಗೋಬೇಕಂದ್ರ ಯಾವ್ದು ತಗೋಬೇಕ್ರೀ ಅಂತ. 2023ರ ಸೆಪ್ಟೆಂಬರ್ 17ಕ್ಕ ಸುರು ಆದ ಈ ಯೋಜನೆದಾಗ 18 ಕಸುಬು ಅದಾವ, ಬಡಿಗತನಾನೂ ಬರ್ತದ, ಸಾಮಾನಿಗೆ 15,000 ರೂಪಾಯಿ ತನಕ ವೋಚರ್ ಅದ. ಕೊಡೋದೇನೋ ಛಲೋನೇ, ಆದ್ರ ಆ ರೊಕ್ಕದಾಗ ಏನು ತಗೋಬೇಕು ಅಂತ ತಿಳಿಸಿ ಹೇಳೋರು ಕಮ್ಮಿ.

ಸೇಡಂ ಇರ್ಲಿ, ಜೇವರ್ಗಿ ಇರ್ಲಿ, ಹುಡುಗೂರು ಮೊದಲ ತರೋದು ನಾಲ್ಕಿಂಚಿನ ಗ್ರೈಂಡರ್. ಸೋವಿ ಸಿಗ್ತದ, ಕಬ್ಬಿಣಾನೂ ಕೊಯ್ತದ, ಬ್ಲೇಡ್ ಬದ್ಲಿ ಮಾಡಿದ್ರ ಕಟ್ಟಿಗೀನೂ ಕೊಯ್ತದ ಅನ್ನೋ ಲೆಕ್ಕ. ಗಾರ್ಡ್ ತಗದು ಹಲ್ಲಿನ ಬ್ಲೇಡ್ ಹಾಕ್ತಾರ್ರೀ, ಮಿನಿಟಿಗೆ ಹತ್ತಿರಹತ್ತಿರ 11,000 ಸುತ್ತು ತಿರಗೋ ಮಷಿನ್ ಅದು, ಕಟ್ಟಿಗಿ ಮ್ಯಾಲೆ ಊರ್ಲಿಕ್ಕ ಕೆಳಗ ಪ್ಲೇಟೂ ಇಲ್ಲ, ಜಾಲಿ ಗಂಟಿನಾಗ ಹಲ್ಲು ಸಿಕ್ಕಿತಂದ್ರ ಒದ್ದು ಸೀದಾ ಕೈಮ್ಯಾಲೆ ಇಲ್ಲಾ ತೊಡಿಮ್ಯಾಲೆ ಬರ್ತದ. ಕೊಯ್ಯೋ ಕೆಲ್ಸಾನೇ ಜಾಸ್ತಿ ಇದ್ರ ಪ್ಲೇಟು, ಗಾರ್ಡು ಎರಡೂ ಇರೋ ಏಳಿಂಚಿನ ಸರ್ಕ್ಯುಲರ್ ಸಾ ತಗೋರಿ. ಡ್ರಿಲ್ ಅಂತೂ ಎಲ್ಲರ ಹತ್ರಾನೂ ಇರ್ತದ, ಅದರ ಮಾತು ಬಿಡ್ರಿ.

ಎಲ್ಲಾದಕ್ಕೂ ಬರೋ ಮಷಿನ್ ಅಂದ್ರ ನನ್ನ ಲೆಕ್ಕದಾಗ ಸಣ್ಣ ರೌಟರ್, ಅಂದ್ರ ಜೋರಲೆ ತಿರಗೋ ಬಿಟ್ (ಕೊಯ್ಯೋ ಅಲಗು) ಹಾಕಿ ಕಟ್ಟಿಗಿ ಕೆತ್ತೋ ಮಷಿನ್, ಅಂಗಡ್ಯಾಗ ಟ್ರಿಮ್ಮರ್ ಅಂತಾರ. ನಮ್ಮವರು ಇದನ್ನ ಬರೇ ಸನ್ಮೈಕಾ ಅಂಚು ತಗ್ಯೋ ಮಷಿನ್ ಅಂತ ತಿಳ್ಕೊಂಡಾರ, ಹಂಗಲ್ರೀ. ಸೀದಾ ಬಿಟ್ ಹಾಕಿದ್ರ ಕಪಾಟಿನ ಹಲಗಿ ಕೂಡೋ ಸಾಲು ತಗೀತದ, ಬಾಗಲಿಗೆ ಬಿಜಾಗರಿ ಕೂಡಿಸೋ ಕಚ್ಚು ತಗೀತದ, ಗೋಲ್ ಬಿಟ್ ಹಾಕಿದ್ರ ಟೇಬಲ್ ಅಂಚು ದುಂಡಗ ಆಗ್ತದ, ವಿ ಬಿಟ್‌ನ್ಯಾಗ ಬಾಗಲ ಮ್ಯಾಲೆ ಡಿಸೈನ್ ಹೊಡೀಬಹುದು. ಬೇರಿಂಗ್ ಇರೋ ಬಿಟ್ ಇದ್ರ ಪ್ಲೈವುಡ್‌ದಾಗ ಒಂದು ಅಚ್ಚು ಮಾಡ್ಕೊಂಡು ಬೇಕಾದಷ್ಟು ತುಂಡು ಅದೇ ಆಕಾರದಾಗ ತಗೀಬಹುದು, ಈ ಕೆಲ್ಸ ಉಳಿ, ಕೊಡತಿ ಹಿಡ್ಕೊಂಡು ಮಾಡೋರಿಗೆ ಇದರ ಕಿಮ್ಮತ್ತು ಗೊತ್ತಾಗ್ತದ. (ಬೀದರ್ ಕೋಟ್ಯಾಗಿನ ರಂಗೀನ ಮಹಲಿನ ಕಟ್ಟಿಗಿ ಕಂಬ ಕೆತ್ತಿದವ್ರಿಗೆ ಯಾವ ಮಷಿನ್ನೂ ಇರ್ಲಿಲ್ಲ, ಅದು ಬ್ಯಾರೆ ಮಾತು, ಅಂಥ ಕೈ ಎಲ್ಲಾರಿಗೂ ಇರಂಗಿಲ್ಲ.) ಉದ್ದ ತೊಲಿ ಸೀಳೋದು ಮಾತ್ರ ಇದರ ಕೈಲೆ ಆಗಂಗಿಲ್ಲ.

ತಗೋಳೋ ಮುಂದ ಒಂದು ನೋಡ್ರಿ. ಕೆಲವು ಟ್ರಿಮ್ಮರ್‌ಗೆ ಬಿಟ್ ಹಿಡಿಯೋ ಕಾಲೆಟ್ 6 ಎಂಎಂ ಇರ್ತದ, ಕೆಲವಕ್ಕ ಕಾಲಿಂಚು, ಅಂದ್ರ 6.35 ಎಂಎಂ. ಕಣ್ಣಿಗೆ ಎರಡೂ ಒಂದೇ ಕಾಣ್ತಾವ, ಆದ್ರ ಕಾಲಿಂಚಿನ ಕಾಲೆಟ್‌ದಾಗ 6 ಎಂಎಂ ಬಿಟ್ ಹಾಕಿದ್ರ ಎಷ್ಟು ಬಿಗಿ ಮಾಡಿದ್ರೂ ಜಾರ್ತದ, ಅಷ್ಟು ಜೋರಲೆ ತಿರಗೋ ಬಿಟ್ ಜಾರಿತಂದ್ರ ಗತಿ ಏನ್ರೀ? 12 ಎಂಎಂ ಆಳದ ಸಾಲು ಒಂದೇ ಸಲಕ್ಕ ತಗೀಬ್ಯಾಡ್ರಿ, ಮೂರ್ನಾಕು ಸಲ ಸ್ವಲ್ಪಸ್ವಲ್ಪ ಇಳಸ್ರಿ. ಹಲಗಿ ಹೊರಗಿನ ಅಂಚಿಗೆ ಓಡಿಸೋ ಮುಂದ ಅಂಚಿಗೆ ಮುಖ ಮಾಡಿ ನಿಂತು ಎಡದಿಂದ ಬಲಕ್ಕ ಒಯ್ಯಬೇಕು, ಉಲ್ಟಾ ಒಯ್ದ್ರ ಕೈಯಾಗಿಂದ ಎಳ್ಕೊಂಡು ಓಡ್ತದ. ಕಣ್ಣಿಗೆ ಚಷ್ಮಾ, ಬಾಯಿಗೆ ಮಾಸ್ಕ್ ಬೇಕೇ ಬೇಕು, ಎಂಡಿಎಫ್ (ಕಟ್ಟಿಗಿ ನಾರು ಅಂಟು ಹಾಕಿ ಒತ್ತಿದ ಹಲಗಿ) ಧೂಳು ಭಾಳ ಕೆಟ್ಟದ್ದು.

ನನ್ನ ಬೇಡಿಕಿ ಇಷ್ಟೇ. ಈ ಯೋಜನೆದಾಗ ಮೂಲ ತರಬೇತಿ 5ರಿಂದ 7 ದಿನ ಇರ್ತದ, ದಿನಕ್ಕ 500 ರೂಪಾಯಿ ಭತ್ಯೆನೂ ಅದ. ಅದರಾಗ ಅರ್ಧ ದಿನ ಈ ಟ್ರಿಮ್ಮರ್ ಹುಡುಗೂರ ಕೈಗೇ ಕೊಟ್ಟು ಕಲಿಸ್ರಿ, ಬರೇ ತೋರ್ಸಿ ಕಳಿಸಬ್ಯಾಡ್ರಿ. ಹಾರ್ಡ್‌ವೇರ್ ಅಂಗಡಿಯವರೂ ಡಬ್ಬಿ ಸೆಟ್ಟೇ ತಗೋ ಅನ್ನೋದು ಬಿಟ್ಟು, ಬೇಕಾದ ಬಿಟ್ ಒಂದೊಂದಾಗಿ ಮಾರ್ರಿ.

ಇಂತಿ,
ಒಬ್ಬ ಬಡಿಗ, ಆಳಂದ ರಸ್ತೆ, ಕಲಬುರಗಿ