ಅಂಗಡಿ ತೋರಣ, ಆಫೀಸ್ ಪಟ್ಟಿ: ದೋಸ್ತಗೊಂದು ಪತ್ರ

ಕಲಬುರಗಿ

ದೋಸ್ತ,

ನಿನ್ನ ವಾಯ್ಸ್ ಮೆಸೇಜ್ ಪೂರಾ ಕೇಳ್ದೆ. ನ್ಯೂಜೆರ್ಸಿ ಆಫೀಸಿನಾಗ ರಿಸೆಪ್ಷನ್ ಮುಂದ ಕ್ರಿಸ್‌ಮಸ್ ಗಿಡ ನಿಲ್ಲಸಬೇಕೋ ಬ್ಯಾಡೋ ಅಂತ ಒಂದು ಕಮಿಟಿ ಮಾಡ್ಯಾರ, ಆ ಕಮಿಟ್ಯಾಗ ನಿನ್ನೂ ಹಾಕ್ಯಾರ, ಯಾಕಂದ್ರ ದೀಪಾವಳಿಗೆ ರಂಗೋಲಿ ಹಾಕ್ತೀವಿ ಅಂತ ಹೋದ ವರ್ಷ ಕೇಳಿದವ ನೀನೇ. ಈಗ ಒಬ್ರು ಎಲ್ಲಾ ಧರ್ಮದ್ದೂ ಇಡ್ರಿ ಅಂತಾರ, ಇನ್ನೊಬ್ರು ಯಾವ್ದೂ ಬ್ಯಾಡ ಬರೇ ಬಿಳಿ ಲೈಟ್ ಹಚ್ಚಿ ಸುಮ್ಮಿರ್ರಿ ಅಂತಾರ, ಎಚ್‌ಆರ್‌ದವ್ರು ಕಾನೂನು ಅಂತ ಅಂಜಸ್ತಾರ. ಇಷ್ಟೆಲ್ಲಾ ಹೇಳಿ ಕಡೀಗೆ ನೀ ಅಂದಿ, ನಮ್ಮ ಕಲಬುರಗ್ಯಾಗ ಇಂಥಾ ಲಫಡಾನೇ ಇಲ್ಲ ನೋಡು, ಎಲ್ಲಾರೂ ಎಲ್ಲಾ ಹಬ್ಬ ಮಾಡ್ತಾರ ಅಂತ. ಆ ಮಾತಿಗೇ ಈ ಪತ್ರ ಬರ್ಯಾಕತ್ತೀನಿ. ಅದರಾಗ ಅರ್ಧ ಖರೇ ಅದ, ಉಳದ ಅರ್ಧ ನೀ ಊರು ಬಿಟ್ಟು ಭಾಳ ದಿನ ಆಗ್ಯದ ಅಂತ ನಿನಗ ಹಂಗ ಕಾಣ್ತದ.

ಖರೇ ಇದ್ದ ಅರ್ಧ ಮೊದ್ಲು ಹೇಳ್ತೀನಿ. ನಾ ಜಿಎಸ್‌ಟಿ ರಿಟರ್ನ್ ತುಂಬೋ ಕೆಲಸದಾಗ ಇದ್ದದ್ದಕ್ಕ ದಿನಾ ನಾಕು ಅಂಗಡಿ ಗಲ್ಲಾ ಹಿಂದ ಕುಂದರ್ತೀನಿ, ಗಿರಾಕಿಗೆ ಕಾಣದ ಗೋಡಿ ನನಗ ಕಾಣ್ತದ. ನೆಹರು ಗಂಜಿನ ಅಡತಿ ಅಂಗಡಿಗೆ ಹೋದ್ರ ನಮ್ಮೂರ ಶರಣ ಶರಣಬಸಪ್ಪನ ಫೋಟೋ, ಲಕ್ಷ್ಮಿ ಕ್ಯಾಲೆಂಡರ್, ಬಾಗಲಕ್ಕ ನಿಂಬಿಹಣ್ಣು ಮೆಣಸಿನಕಾಯಿ. ಮುಸ್ಲಿಂ ಚೌಕ್ ಕಡೆ ಹೋದ್ರ 786, ಮಕ್ಕಾ ಮದೀನಾ ಫ್ರೇಮ್, ರಂಜಾನ್ ಬಂತಂದ್ರ ರಸ್ತೆ ಆ ಕಡಿಂದ ಈ ಕಡೀತನಕ ಸೀರಿಯಲ್ ಲೈಟು. ಕೆಲವು ಕಡೆ ಬಾಬಾಸಾಹೇಬರ ಫೋಟೋ ಬುದ್ಧನ ಫೋಟೋ, ಕೆಲವು ಕಡೆ ಬರೇ ಬಸವಣ್ಣ. ಶರಣಬಸಪ್ಪನ ಪಕ್ಕದಾಗೇ ಬಂದೇ ನವಾಜ್ ದರ್ಗಾದ ಫೋಟೋ ಇಟ್ಟ ಕಿರಾಣಿ ಅಂಗಡೀನೂ ಕಂಡೀನಿ, ಅವನ್ನ ಯಾಕ ಅಂತ ಕೇಳಿದ್ರ ನಮ್ಮಪ್ಪ ಇಟ್ಟಿದ್ದ, ನಾ ಯಾಕ ತೆಗೀಲಿ ಅಂದ. ಬೀದರದ ಅಷ್ಟೂರಿನಾಗ ಬಹಮನಿ ಸುಲ್ತಾನ ಅಹಮದ್ ಶಾಹನ ಗೋರಿ ಉರುಸಿಗೆ ಇವತ್ತಿಗೂ ಜಂಗಮರು ಬರ್ತಾರ, ಎಷ್ಟೋ ಹಳ್ಳ್ಯಾಗ ಒಂದೂ ಮುಸ್ಲಿಂ ಮನಿ ಇಲ್ದಿದ್ರೂ ಮೊಹರಮ್ಮಿಗೆ ಅಲಾಯಿ ದೇವರು ಕುಂದರ್ಸ್ತಾರ. ಇಂಥಾ ಮಣ್ಣಿನಾಗ ಅಂಗಡಿ ಗೋಡಿ ಮ್ಯಾಲ ಯಾವ ದೇವರದಾನ ಅಂತ ಜಗಳ ತೆಗಿಯೋನಿಗೆ ಬ್ಯಾರೆ ಕೆಲಸ ಇಲ್ಲ ಅನ್ನಬೇಕು. ಅಂಗಡಿ ಅವಂದು, ಭಾಡಿಗಿ ಅವ ಕೊಡ್ತಾನ, ಅವನ ದೇವರು ಅವನ ತೆಲಿ ಮ್ಯಾಲ ಇರ್ಲಿ. ಗಿರಾಕಿಗೆ ಸರಿ ಕಾಣಲಿಲ್ಲಂದ್ರ ಬಾಜೂ ಅಂಗಡಿಗೆ ಹೋಗ್ತಾನ, ಖರೇ ಅಂದ್ರ ಹೋಗಂಗಿಲ್ಲ, ರೇಟ್ ಎಲ್ಲಿ ಕಮ್ಮಿ ಅದ ಅಲ್ಲೇ ತಗೋತಾನ.

ಇನ್ನ ದೊಡ್ಡ ಶೋರೂಮಿನವ್ರ ಮಾತು ಬ್ಯಾರೆ. ಡಿಸೆಂಬರ್ ಬಂದ್ರ ಪ್ಲಾಸ್ಟಿಕ್ ಗಿಡ ತಂದು ಮ್ಯಾಲ ಅಳ್ಳಿ ಉದುರ್ಸಿ ಬರ್ಫ್ ಅಂತಾರ. ನಮ್ಮ ಊರಾಗ! ಮೇ ತಿಂಗಳದಾಗ 43 ಡಿಗ್ರಿ ದಾಟೋ ಊರಿನಾಗ ಬರ್ಫ್! ಒಬ್ಬ ಸಣಕಲ ಹುಡುಗಗ ಕೆಂಪ್ ಅಂಗಿ ಹಾಕ್ಸಿ ಸಾಂತಾ ಮಾಡಿ ಬಾಗಲಾಗ ನಿಲ್ಲಸ್ತಾರ, ಪಾಪ ಅವ ಮಧ್ಯಾಹ್ನ ಗಡ್ಡ ತೆಗದು ಜೇಬಿನಾಗ ಇಟ್ಕೊಂಡು ಚಹಾ ಕುಡೀತಿರ್ತಾನ. ಅದೇ ಶೋರೂಮಿನಾಗ ಯುಗಾದಿಗೆ ಮಾವಿನ ತೋರಣ, ರಂಜಾನಕ್ಕ ಚಂದ್ರ ಚಿಕ್ಕಿ. ಅದು ಧರ್ಮ ಪ್ರಚಾರ ಅಂತ ಸಿಟ್ಟಿಗೇಳೋರೂ ಹುಚ್ಚರೇ, ಅದನ್ನ ನೋಡಿ ಆಹಾ ಭಾವೈಕ್ಯ ಅನ್ನೋರೂ ಹುಚ್ಚರೇ. ಅದು ಆಫರ್ ಬೋರ್ಡಿನ ತಮ್ಮ ಅಷ್ಟೇ.

ಆದ್ರ ಅಂಗಡಿ ಬ್ಯಾರೆ, ಕೆಲಸದ ಜಾಗ ಬ್ಯಾರೆ ದೋಸ್ತ. ಗಿರಾಕಿ ಹೊರಗ ಹೋಗಬಹುದು, ಪಗಾರದವ ಎಲ್ಲಿಗಿ ಹೋಗ್ಬೇಕು?

ಖಂಡೇ ಪೂಜಿದು, ಅಂದ್ರ ಆಯುಧ ಪೂಜಿದು, ಒಂದು ಹೇಳ್ತೀನಿ. ನಾ ಲೆಕ್ಕ ನೋಡೋ ಒಂದು ದಾಲ್ ಮಿಲ್ಲಿನಾಗ ದಸರಾಕ್ಕ ಮಷಿನ್ ಎಲ್ಲಾ ಬಂದ್ ಮಾಡಿ ತೊಗರಿ ಧೂಳ ಝಾಡಿಸಿ ತೊಳೀತಾರ, ಮೋಟಾರಿಗೆ ರೋಲರಿಗೆ ವಿಭೂತಿ ಪಟ್ಟಿ, ಕಾಟಾಕ್ಕ ಚೆಂಡುಹೂವಿನ ಮಾಲಿ, ಹಮಾಲರ ಹುಕ್ಕಿಗೂ ಕುಂಕುಮ. ಅಲ್ಲಿ ಮಷಿನ್ ರಿಪೇರಿ ಮಾಡೋ ಮಿಸ್ತ್ರಿ ಸಾಬರಾವ. ಅವನೇ ತನ್ನ ಪಾನಾ ಸ್ಕ್ರೂಡ್ರೈವರ್ ಎಲ್ಲಾ ಸೀಮಿಎಣ್ಣ್ಯಾಗ ತೊಳದು ತಂದು ಸಾಲಾಗಿ ಜೋಡಸ್ತಾನ, ಮಾಲಿ ಹಾಕಾಕ ಏಣಿ ಹಿಡೀತಾನ, ಆರತಿ ಹೊತ್ತಿಗೆ ಹೊರಗ ಹೋಗಿ ಬೀಡಿ ಸೇದ್ತಾನ, ಮುಗದ ಮ್ಯಾಲ ಒಳಗ ಬಂದು ಪೇಢಾ ತಿಂದು ಬೋನಸ್ ಲಕೋಟಿ ತಗೊಂಡು ಎಲ್ಲಾರಿಗೂ ಬನ್ನಿ ಕೊಟ್ಟು ಮನೀಗಿ ಹೋಗ್ತಾನ. ಯಾಕ ಹೊರಗ ಹೋದಿ ಅಂತ ಯಾರೂ ಕೇಳಂಗಿಲ್ಲ. ಮಾಲಕಗ ಗೊತ್ತದ, ಮಿಸ್ತ್ರಿಗೂ ಗೊತ್ತದ, ಅದರ ಬಗ್ಗೆ ಮಾತು ಬ್ಯಾಡ ಅನ್ನೋದೂ ಇಬ್ರಿಗೂ ಗೊತ್ತದ. ಹೂವಿನ ರೊಕ್ಕ, ಸಿಹಿ ರೊಕ್ಕ, ಬೋನಸ್ ಎಲ್ಲಾ ಮಾಲಕಂದು. ನನಗ ಇದು ಬೇಶ್ ಅನಸ್ತದ. (ಕುಂಬಳಕಾಯಿ ಮಾತ್ರ ರಸ್ತೆ ಮ್ಯಾಲ ಒಡೀತಾರ, ಮರುದಿನ ಬೈಕಿನವ್ರು ಜಾರಿ ಬೀಳ್ತಾರ, ಅದಕ್ಕ ಯಾವ ದೇವರೂ ಹೇಳಿಲ್ಲ.)

ಈಗ ಇನ್ನೊಂದು ಕಡೆ ಕೇಳು. ಖಾಸಗಿ ಸಂಸ್ಥೆ, ಹೆಸರು ಬ್ಯಾಡ. ಅಲ್ಲಿ ಗಣಪತಿ ಕುಂದರ್ಸ್ತಾರ. ಭಾಳ ಚಂದ ಡೆಕೋರೇಷನ್, ಥರ್ಮಾಕೋಲ್ ಮಂಟಪ, ಝಗಮಗ. ರೊಕ್ಕ ಎಲ್ಲಿಂದ ಅಂದ್ರ ಪಟ್ಟಿ. ಒಬ್ಬ ಸೀನಿಯರ್ ಹಾಳಿ ಹಿಡ್ಕೊಂಡು ಟೇಬಲ್ ಟೇಬಲ್ಲಿಗೆ ಬರ್ತಾನ, ಹೆಸರು, ಎದುರಿಗೆ ಎಷ್ಟು ಕೊಟ್ಟ, ಆಮ್ಯಾಲ ಆ ಹಾಳಿ ನೋಟಿಸ್ ಬೋರ್ಡಿಗೆ ಹಚ್ತಾರ. ಅಲ್ಲಿ ಒಬ್ಬ ಹುಡುಗ ಬೌದ್ಧ ಮನೆತನದಾವ. 1956ರ ಅಕ್ಟೋಬರ್ 14ಕ್ಕ ನಾಗಪುರದಾಗ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆ ಅವರ ಮನ್ಯಾಗ ಫ್ರೇಮ್ ಹಾಕಿ ಇಟ್ಟಾರ, ಅದರಾಗ ಗೌರಿ ಗಣಪತಿ ಪೂಜಿ ಮಾಡಂಗಿಲ್ಲ ಅಂತ ಒಂದು ಪ್ರತಿಜ್ಞೆ ಚೊಕ್ಕ ಅದ. ಆ ಹುಡುಗ ಎಷ್ಟು ಕೊಟ್ಟಿದ್ದ ಅಂತೀ? ಎಲ್ಲಾರಿಗಿಂತ ಜಾಸ್ತಿ. ಯಾಕೋ ಅಂದ್ರ, ಸರ್ ಕಮ್ಮಿ ಕೊಟ್ರ ಇವ ಬೇಕಂತ ಕಮ್ಮಿ ಕೊಟ್ಟ ಅಂತಾರ, ಕೊಡಲಿಲ್ಲ ಅಂದ್ರ ಕಥಿ ಮುಗೀತು, ಪ್ರೊಬೇಷನ್ ಇನ್ನ ಮುಗದಿಲ್ಲ ಅಂದ. ಅವನ ಪಕ್ಕದ ಟೇಬಲ್ಲಿನ ಅಕ್ಕ ಬಸವತತ್ವದಾಕಿ, ಇಷ್ಟಲಿಂಗ ಬಿಟ್ಟು ಬ್ಯಾರೆ ಯಾವ ಮೂರ್ತಿಗೂ ಕೈ ಮುಗಿಯಾಕಿ ಅಲ್ಲ. ಅಕೀನೂ ಕೊಟ್ಟಿದ್ಲು. ಹಿಂದೂ ಮುಸ್ಲಿಂ ಅಂತ ಎರಡ ಕಪಾಟು ಮಾಡಿ ವಿಚಾರ ಮಾಡೋರಿಗೆ ಇವರಿಬ್ರು ಕಾಣಂಗೇ ಇಲ್ಲ, ಇಬ್ರೂ ರೆಕಾರ್ಡಿನಾಗ ನಮ್ಮವರೇ ಅಲ್ಲೇನು ಅಂತಾರ.

ಅದಕ್ಕೇ ಹೇಳ್ದೆ, ಇಲ್ಲಿ ಯಾರೂ ಕಂಪ್ಲೇಂಟ್ ಮಾಡಂಗಿಲ್ಲ ಅಂದ್ರ ಯಾರಿಗೂ ತ್ರಾಸಿಲ್ಲ ಅಂತಲ್ಲ, ಪಗಾರ ಬೇಕಾಗ್ಯದ ಅಂತ. ನಿಮ್ಮ ಆಫೀಸಿನಾಗ ಒಬ್ಬ ಕೈ ಎತ್ತಿ ಈ ಗಿಡ ನನಗ ಸರಿ ಕಾಣವಲ್ದು ಅಂದ ಅಂತ ನೀ ಬೈದಿ, ನನಗ ಅವನ ಮ್ಯಾಲ ಹೊಟ್ಟಿಕಿಚ್ಚು ಆಯ್ತು ನೋಡು.

ಇನ್ನ ರಂಗೋಲಿ. ಕಮಿಟ್ಯಾಗ ರಂಗೋಲಿ ಬೇಕು ಅಂತ ಕೇಳಿದಿ, ಹಾಕೋರು ಯಾರು? ನೀ ಅಂತೂ ಅಲ್ಲ, ನಿನ್ನ ಕೈಯಾಗ ಸೀದಾ ಗೆರಿ ಎಂದೂ ಬಂದಿಲ್ಲ. ಇಲ್ಲಿ ಎಲ್ಲಾ ಆಫೀಸಿನಾಗೂ ಇದೇ ಕಥಿ, ನಾಳೆ ಪೂಜಿ ಅದ ಲೇಡೀಸ್ ಎಲ್ಲಾ ಒಂದು ತಾಸು ಲಗೂನ ಬರ್ರಿ, ಸೀರಿ ಉಟ್ಕೊಂಡ್ ಬರ್ರಿ, ರಂಗೋಲಿ ಹಾಕ್ರಿ, ತಾಟು ಹಿಡ್ಕೊಂಡು ನಿಂದರ್ರಿ. ಗಂಡಸರು ಸಾವಕಾಶ ಬಂದು ಸೆಲ್ಫಿ ತಗೋತಾರ. ಮನ್ಯಾಗ ಹಬ್ಬದ ಕೆಲಸ ಮುಗಿಸಿ ಬಂದಾಕಿಗೆ ಆಫೀಸಿನಾಗೂ ಹಬ್ಬದ ಕೆಲಸ. ಧರ್ಮದ ಪ್ರಶ್ನೆ ಕಿಂತ ಮೊದ್ಲು ಇದು ಕೇಳಬೇಕಾದ ಪ್ರಶ್ನೆ, ಕಮಿಟ್ಯಾಗ ಇದ್ದೀ ಅಂದಮ್ಯಾಲ ಕೇಳು.

ಸರ್ಕಾರಿ ಕಚೇರಿ ಬಗ್ಗೆ ಮಾತ್ರ ನಾ ಸ್ವಲ್ಪ ಬಿರುಸು. ನಮ್ಮ ಸಂವಿಧಾನದ 27ನೇ ಕಲಂ, ಒಂದು ಧರ್ಮ ಬೆಳಸಾಕ ಅಂತ ಯಾರ ಹತ್ತಿರಾನೂ ಜಬರ್ದಸ್ತಿಲೆ ತೆರಿಗಿ ತಗೋಬಾರ್ದು ಅಂತದ. ನಾ ತೆರಿಗಿ ಕಟ್ಟಸೋ ಮನುಷ್ಯ, ಈ ಕಲಂ ನನಗ ಭಾಳ ಪ್ರೀತಿ. 2024ರಾಗ ಬಸವಣ್ಣನವರನ್ನ ಸಾಂಸ್ಕೃತಿಕ ನಾಯಕ ಅಂತ ಮಾಡಿ ಎಲ್ಲಾ ಕಚೇರ್ಯಾಗ ಫೋಟೋ ಹಾಕ್ರಿ ಅಂದ್ರು, ಗಾಂಧಿ ಅಂಬೇಡ್ಕರ್ ಮೊದ್ಲೇ ಇದ್ರು, ಅದು ಸರಿ, ಅವರು ನಮ್ಮ ನಾಡಿಗೆ ದೇಶಕ್ಕ ದಾರಿ ತೋರ್ಸಿದೋರು. ಸಾಹೇಬ ತನ್ನ ಟೇಬಲ್ ಗಾಜಿನ ತೆಳಗ ಮನಿದೇವರ ಫೋಟೋ ಇಟ್ಕೊಂಡ್ರೂ ನನಗ ತಕರಾರಿಲ್ಲ. ಆದ್ರ ಕೌಂಟರಿನ ಮುಂದ ಮಂಟಪ ಕಟ್ಟಿ, ಪೂಜಿ ಮುಗಿಯೋತನಕ ಕಂಪ್ಯೂಟರ್ ಬಂದ್, ಹಳ್ಳಿಂದ ಬಸ್ ಚಾರ್ಜ್ ಕೊಟ್ಟು ಪಹಣಿ ತಿದ್ದಸಾಕ ಬಂದ ಮುದುಕ ಹೊರಗ ಕಟ್ಟಿ ಮ್ಯಾಲ ಕುಂತಾನ ಅಂದ್ರ, ಅದು ಯಾವ ಧರ್ಮದ ಹಬ್ಬ ಇದ್ರೂ ತಪ್ಪು. ಅವಗ ಬಾಜೂ ಕಚೇರಿಗೆ ಹೋಗಾಕ ಬರಂಗಿಲ್ಲಲ್ಲ, ಪಹಣಿ ಇಲ್ಲೇ ಅದ. ಅಲ್ಲಿ ಪಟ್ಟಿ ಎತ್ತೋದು ಇನ್ನೂ ಹೊಲಸು, ನೌಕರರು ಕೊಟ್ಟಂಗ ಮಾಡ್ತಾರ, ಕಡೀಗೆ ಅದು ಯಾರ ಜೇಬಿನಿಂದ ಬರ್ತದ ಅಂತ ನಿನಗೂ ಗೊತ್ತು ನನಗೂ ಗೊತ್ತು.

ನಿಮ್ಮ ಅಮೆರಿಕಾದ ಕೇಸೂ ಓದ್ದೆ, ನೀ ಅರ್ಧಾ ಹೇಳಿ ಬಿಟ್ಟಿದ್ದಿ. 1984ರ ತೀರ್ಪಿನಾಗ, ಪಾಟಕೆಟ್ ಅನ್ನೋ ಊರಿನ ನಗರಸಭಿ ಪೇಟ್ಯಾಗ ಕ್ರಿಸ್‌ಮಸ್ ಅಲಂಕಾರ ಮಾಡಿ ಅದರಾಗ ಯೇಸು ಹುಟ್ಟಿದ ಗೋದಲಿನೂ ಇಟ್ಟಿತ್ತು, ಸುಪ್ರೀಂ ಕೋರ್ಟ್ 5-4 ಮತದಿಂದ ನಡೀತದ ಅಂತು, ಯಾಕಂದ್ರ ಸುತ್ತ ಸಾಂತಾನ ಮನಿ, ಜಿಂಕಿ, ಗಿಡ ಎಲ್ಲಾ ಇದ್ದವು. 1989ರ ತೀರ್ಪಿನಾಗ, ಪಿಟ್ಸ್‌ಬರ್ಗಿನ ಕೋರ್ಟ್ ಕಟ್ಟಡದ ದೊಡ್ಡ ಮೆಟ್ಟಲ ಮ್ಯಾಲ ಬರೇ ಗೋದಲಿ ಇಟ್ಟಿದ್ರು, ಅದು ನಡ್ಯಂಗಿಲ್ಲ ಅಂದ್ರು, ಆದ್ರ ಇನ್ನೊಂದು ಸರ್ಕಾರಿ ಕಟ್ಟಡದ ಹೊರಗ ದೊಡ್ಡ ಕ್ರಿಸ್‌ಮಸ್ ಗಿಡದ ಪಕ್ಕ ಯಹೂದಿಗಳ ದೀಪದ ಕಂಬ ಇಟ್ಟದ್ದು ನಡೀತದ ಅಂದ್ರು. ನನಗ ಈ ಲೆಕ್ಕ ಒಂಚೂರು ನಗಿ ಬರ್ಸ್ತು, ದೇವರ ಪಕ್ಕ ಜಿಂಕಿ ಇಟ್ರ ಸರ್ಕಾರ ಪಾರು. ಆದ್ರ ಎರಡೂ ಸರ್ಕಾರದ ಮ್ಯಾಲಿನ ಕೇಸು, ನಿಮ್ಮದು ಖಾಸಗಿ ಕಂಪನಿ. ನಿಮಗ ಹತ್ತೋದು 1964ರ ಸಿವಿಲ್ ರೈಟ್ಸ್ ಕಾಯ್ದೆ, 15 ಇಲ್ಲಾ ಅದಕ್ಕಿಂತ ಜಾಸ್ತಿ ಮಂದಿ ಇದ್ದ ಕಂಪನಿ ಧರ್ಮ ನೋಡಿ ಭೇದ ಮಾಡಬಾರ್ದು ಅನ್ನೋದು. ಆ ಕಾಯ್ದೆ ನೋಡ್ಕೊಳ್ಳೋ ಸರ್ಕಾರಿ ಆಯೋಗನೇ ಹೇಳ್ಯದ, ಗಿಡ ಇಟ್ರ ತೆಗಿಬೇಕು ಅಂತಿಲ್ಲ, ಒಂದು ಇಟ್ರ ಎಲ್ಲಾ ಧರ್ಮದ್ದೂ ಇಡ್ಲೇಬೇಕು ಅಂತಾನೂ ಇಲ್ಲ ಅಂತ. ಹಂಗಿದ್ರ ನಿಮ್ಮ ಎಚ್‌ಆರ್ ಕಾನೂನಿನ ಮಾರಿ ತೋರ್ಸಿ ಅಂಜಸೋದು ಯಾಕ? ಜಗಳ ಬ್ಯಾಡಾಗ್ಯದ, ಅಷ್ಟೇ.

ಇಲ್ಲಿ ಇನ್ನೊಂದು ನಮೂನಿ ಬಂದದ, ಅದೂ ಕೇಳಿಟ್ಕೋ. 2024ರಾಗ ಉತ್ತರ ಪ್ರದೇಶದಾಗ, ಶಿವನ ಭಕ್ತರು ಗಂಗಾನೀರು ಹೊತ್ಕೊಂಡು ಹೋಗೋ ಕಾಂವಡ ಯಾತ್ರಿ ದಾರ್ಯಾಗಿನ ಧಾಬಾ, ಹಣ್ಣಿನ ಗಾಡಿಯವ್ರು ಎಲ್ಲಾರೂ ತಮ್ಮ ಹೆಸರು ಬರೆದು ಹಚ್ರಿ ಅಂತ ಹುಕುಂ ಮಾಡಿದ್ರು. ಜುಲೈ 22ಕ್ಕ ಸುಪ್ರೀಂ ಕೋರ್ಟ್ ತಡೆ ಕೊಡ್ತು, ಏನು ಊಟ ಮಾರ್ತೀರಿ ಅಂತ ಬರಸ್ರಿ, ಮಾಲಕನ ಹೆಸರು ಬರೀರಿ ಅಂತ ಜುಲ್ಮಿ ಮಾಡಬ್ಯಾಡ್ರಿ ಅಂತು. ತಾನಾಗಿ 786 ಬರಸ್ಕೊಂಡವಂದೂ ಹೆಸರು ಬರಸಿಕೊಂಡವಂದೂ ಬೋರ್ಡ್ ನೋಡಾಕ ಒಂದೇ ಥರಾ, ಆದ್ರ ಒಂದು ಅವನ ಖುಷಿ, ಇನ್ನೊಂದು ಅವನ ಗುರ್ತು ಹಿಡಿಯೋ ಹಿಕಮತ್ತು. ನಮ್ಮ ರಾಜ್ಯದಾಗೂ ಜಾತ್ರ್ಯಾಗ ಯಾರು ಅಂಗಡಿ ಹಾಕ್ಬೇಕು ಯಾರು ಹಾಕಬಾರ್ದು ಅಂತ ಗದ್ದಲ ಆಗಿದ್ದು ನಿನಗ ನೆನಪದ. ಇಲ್ಲಿ ಹೂವಿನ ಅಂಗಡಿ, ಪೆಂಡಾಲು, ಲೈಟಿಂಗ್ ಕೆಲಸದಾಗ ಎಷ್ಟು ಮಂದಿ ಮುಸಲ್ಮಾನರು ಅದಾರ ಅಂತ ಗೊತ್ತಿದ್ದೋರು ಯಾರೂ ಆ ಗದ್ದಲ ಮಾಡಂಗಿಲ್ಲ, ಹಬ್ಬದ ಹಿಂದಿನ ರಾತ್ರಿ ತೋರಣ ಕಟ್ಟೋದ್ಯಾರು ಮತ್ತ?

ಸರಿ, ಈಗ ನಿನ್ನ ಮೀಟಿಂಗಿಗೆ ಬರ್ತೀನಿ. ಎಲ್ಲಾ ತೆಗದು ಬೋಳ ಗೋಡಿ ಮಾಡೋದಕ್ಕ ನೀ ಹೂಂ ಅನ್ನಬ್ಯಾಡ. ಬಿಳಿ ಲೈಟ್ ಹಚ್ಚಿ ಚಳಿಗಾಲದ ಹಬ್ಬ ಅಂದ್ರ ಯಾರಿಗೆ ಮೋಸ ಮಾಡ್ದಂಗಾಯ್ತು, ಎಲ್ಲಾರಿಗೂ ಗೊತ್ತದ ಅದು ಏನು ಅಂತ. ಎಲ್ಲಾ ಧರ್ಮದ್ದೂ ಒಂದೊಂದು ಇಟ್ಟು ಪ್ರದರ್ಶನ ಮಾಡೋದಕ್ಕೂ ನನ್ನ ಮನಸಿಲ್ಲ, ಆವಾಗ ಒಬ್ಬ ಸಿಖ್ಖ ಇದ್ರ ಅವನ್ನ ಹಿಡದು ನಿಮ್ಮದೇನು ತರ್ತೀ ಅಂತ ಜೀವ ತಿಂತಾರ, ಪಾಪ ಅವಗ ಸುಮ್ಮ ಕೆಲಸ ಮಾಡಿ ಮನೀಗಿ ಹೋಗಬೇಕಾಗಿರ್ತದ. ಗಿಡ ಇಡ್ಲಿ, ನಿನ್ನ ದೀಪಾನೂ ಇಡ್ಲಿ, ಯಾರಿಗರೆ ಬೇಕಂದ್ರ ಅವರ್ದೂ ಇಡ್ಲಿ. ರೊಕ್ಕ ಕಂಪನಿ ಕೊಡ್ಲಿ, ಇಲ್ಲಾ ಬೇಕಾದವ್ರು ಡಬ್ಬ್ಯಾಗ ಹಾಕ್ಲಿ, ಹೆಸರು ಬರ್ಯೋ ಹಾಳಿ ಮಾತ್ರ ಇರಬಾರ್ದು. ಗಿಡದ ಮುಂದ ಎಲ್ಲಾರೂ ನಿಂತು ಫೋಟೋ ತಗೋಬೇಕು ಅಂತ ಮೇಲ್ ಕಳಸ್ತಾರಲ್ಲ, ಅದು ಬ್ಯಾಡ ಅನ್ನು. ಮತ್ತ ಆ ಕೈ ಎತ್ತಿದ ಮನುಷ್ಯನ ಜೋಡಿ ಒಂದು ಸಲ ಚಹಾ ಕುಡಿ, ಅವಗ ಗಿಡಾನೇ ತ್ರಾಸೋ, ಇಲ್ಲಾ ಹೋದ ವರ್ಷ ಯಾರರೆ ಏನರೆ ಅಂದಿದ್ರೋ ಕೇಳು. ನನ್ನ ಅಂದಾಜು, ಎರಡನೇದೇ ಇರ್ತದ.

ಮೀಟಿಂಗಿನಾಗ ಏನಾಯ್ತು ಬರಿ, ವಾಯ್ಸ್ ಬ್ಯಾಡ, ಗಂಜಿನ ಗದ್ದಲದಾಗ ಕೇಳಸಂಗಿಲ್ಲ. ಹೋಳಿ ಆದ ಮ್ಯಾಲ ಶರಣಬಸಪ್ಪನ ಜಾತ್ರಿಗೆ ಬರ್ತೀಯೋ ಇಲ್ಲೋ ಅದೂ ಹೇಳು, ನಿಮ್ಮವ್ವ ನನ್ನ ಕೇಳ್ಕೋತ ಕುಂದರ್ತಾಳ.

ನಿನ್ನ ದೋಸ್ತ