ಪಾಸ್‌ಬುಕ್ ಕಲಿಸಿದ ಪಾಠ

ಪ್ರೀತಿಯ ಪುಟ್ಟೀ,

ಟೀಚರಾಗಿ ಶಾಲೆಗೆ ಸೇರಿ ಮೂರು ತಿಂಗಳಾದರೂ ಮಕ್ಕಳು ಬಾಯೇ ಬಿಡುವುದಿಲ್ಲ ಅಂತ ಬರೆದಿದ್ದೀಯ. ನೀವು ಸಾಕ್ಷರತಾ ಆಂದೋಲನದಲ್ಲಿ ಓಡಾಡಿದ್ದು ಪಾಠಕ್ಕೆ ಉಪಯೋಗವಾಯಿತಾ ದೊಡ್ಡಮ್ಮ ಅಂತಲೂ ಕೇಳಿದ್ದೀಯ. ಆಯಿತು ಮಗಳೇ, ತುಂಬಾ.

1990ರ ಸುಮಾರಿಗೆ ನಮ್ಮ ದಕ್ಷಿಣ ಕನ್ನಡದಲ್ಲಿ ಸಾಕ್ಷರತಾ ಆಂದೋಲನ ಶುರುವಾದಾಗ ನಾನು ರಾತ್ರಿ ಕಲಿಸಲು ಹೋಗುತ್ತಿದ್ದೆ. ಹಗಲೆಲ್ಲ ಬೀಡಿ ಕಟ್ಟಿ ಬಂದ ಹೆಂಗಸರು. ನಾನು ಅ, ಆ ಬರೆಸುತ್ತಿದ್ದೆ, ಅವರು ತೂಕಡಿಸುತ್ತಿದ್ದರು. ಒಂದು ದಿನ ಒಬ್ಬಾಕೆ ಸೆರಗಿನಿಂದ ಬೀಡಿಯ ಪಾಸ್‌ಬುಕ್, ಅಂದರೆ ಕಟ್ಟಿಕೊಟ್ಟ ಬೀಡಿಯ ಲೆಕ್ಕ ಬರೆದುಕೊಡುವ ಪುಸ್ತಕ, ತೆಗೆದು, "ಇದರಲ್ಲಿ ಎಷ್ಟು ಅಂತ ಬರೆದಿದ್ದಾರೆ, ಓದಿ" ಅಂದಳು. ಆಕೆ ಕೊಟ್ಟ ಲೆಕ್ಕಕ್ಕಿಂತ ಪುಸ್ತಕದಲ್ಲಿ ಕಡಿಮೆ ಇತ್ತು. ಮರುದಿನದಿಂದ ಅ, ಆ ಬಿಟ್ಟು ಅಂಕಿಗಳಿಂದಲೇ ಶುರು ಮಾಡಿದೆ. ಆಮೇಲೆ ಒಬ್ಬರೂ ತೂಕಡಿಸಲಿಲ್ಲ.

1992ರ ಸುಮಾರಿಗೆ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟ ಅನ್ನುವ ಹಳ್ಳಿಯಲ್ಲೂ ಇಂಥ ರಾತ್ರಿ ತರಗತಿಯ ಹೆಂಗಸರೇ ಸಾರಾಯಿ ಅಂಗಡಿ ಮುಚ್ಚಿಸಲು ಎದ್ದು ನಿಂತರು. 1993ರ ಅಕ್ಟೋಬರ್‌ನಲ್ಲಿ ಆಂಧ್ರದಲ್ಲಿ ಸಾರಾಯಿ ಮಾರಾಟವನ್ನೇ ಸರ್ಕಾರ ನಿಷೇಧಿಸಿತು. ಅವರ ಮನೆಯ ಕಷ್ಟವೇ ಅಲ್ಲಿ ಪಾಠವಾಗಿತ್ತು, ಅಲ್ವಾ?

ಇಷ್ಟೆಲ್ಲ ಗೊತ್ತಿದ್ದೂ, ಶಾಲೆಯಲ್ಲಿ ಕಲಿಸುವಾಗ ನಾನೊಂದು ತಪ್ಪು ಮಾಡಿದೆ. 2006ರಲ್ಲಿ ಸರ್ಕಾರ, ಮಕ್ಕಳು ತಮ್ಮ ಕಷ್ಟವನ್ನು ಪಂಚಾಯಿತಿಯ ಮುಂದೆ ಹೇಳಿಕೊಳ್ಳುವ ಮಕ್ಕಳ ಗ್ರಾಮಸಭೆ ನಡೆಸಲು ಆದೇಶ ಮಾಡಿತಲ್ಲ, ನಮ್ಮಲ್ಲಿ ಮೊದಲ ಸಲ ನಡೆದಾಗ ಪ್ರಶ್ನೆಯನ್ನು ನಾನೇ ಬರೆದು ಆರನೇ ಕ್ಲಾಸಿನ ಹುಡುಗಿಗೆ ಬಾಯಿಪಾಠ ಮಾಡಿಸಿದೆ. ಚೆನ್ನಾಗಿಯೇ ಒಪ್ಪಿಸಿದಳು. ಪಂಚಾಯಿತಿ ಅಧ್ಯಕ್ಷರು ತಿರುಗಿ ಒಂದು ಮಾತು ಕೇಳಿದ್ದೇ ತಡ, ನನ್ನ ಮುಖ ನೋಡಿದಳು. ಆ ನೋಟ ಇನ್ನೂ ನನ್ನ ಕಣ್ಣ ಮುಂದಿದೆ. ಅವಳ ಬಾಯಲ್ಲಿ ನನ್ನ ಮಾತನ್ನು ತುರುಕಿದ್ದೆ.

ಮುಂದಿನ ವರ್ಷ ಸುಮ್ನೆ ಕೇಳಿದೆ: "ಶಾಲೆಯಲ್ಲಿ ನಿಮಗೆ ಯಾವುದು ಕಷ್ಟ?" ಎರಡು ದಿನ ಯಾರೂ ಮಾತಾಡಲಿಲ್ಲ. ಕಾದೆ. ಮೂರನೇ ದಿನ ಅದೇ ಹುಡುಗಿ ಬಂದು, ಹುಡುಗಿಯರ ಶೌಚಾಲಯಕ್ಕೆ ಚಿಲಕ ಇಲ್ಲ, ಅದಕ್ಕೇ ನಾವು ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ ಅಂದಳು. ದಿನಾ ಅದರ ಮುಂದೆಯೇ ಓಡಾಡುವ ನನಗೆ ಇದು ಗೊತ್ತಿರಲಿಲ್ಲ! ಅರ್ಜಿ ಅವಳೇ ಬರೆದಳು. ಎರಡು ಕಾಗುಣಿತ ತಪ್ಪಿತ್ತು, ನಾನು ತಿದ್ದಲಿಲ್ಲ. ಪಂಚಾಯಿತಿಯಲ್ಲಿ ಅರ್ಜಿ ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಂಡೇ ಬಂದಳು.

ನಿನಗೂ ಹೋರಾಟದ ಹುಮ್ಮಸ್ಸು ಜಾಸ್ತಿ. ಒಳ್ಳೆಯದೇ. ಆದರೆ ನಿನ್ನ ಘೋಷಣೆ ಕೂಗಿಸಲು ಮಕ್ಕಳನ್ನು ಮೆರವಣಿಗೆಗೆ ಕರೆದುಕೊಂಡು ಹೋಗಬೇಡ. ಅವರ ಸಿಟ್ಟು ನಿನ್ನ ಸಿಟ್ಟೇ ಆಗಿರಬೇಕಿಲ್ಲ. ನಿನ್ನ ತಪ್ಪನ್ನೂ ಅವರು ಎತ್ತಿ ಹೇಳಲಿ, ಆಗ ಮುಖ ಗಂಟು ಹಾಕಬೇಡ. ಇದು ಎಲ್ಲಕ್ಕಿಂತ ಕಷ್ಟ, ನನಗೂ ವರ್ಷಗಳೇ ಬೇಕಾದವು.

ನಾಳೆ ಪಾಠ ಶುರು ಮಾಡುವ ಮೊದಲು ಒಂದು ಪ್ರಶ್ನೆ ಕೇಳಿ ಸುಮ್ಮನೆ ಕೂತಿರು. ಮೊದಲು ಯಾರು ಬಾಯಿ ಬಿಟ್ಟರು, ಏನಂದರು ಅಂತ ನನಗೆ ಬರಿ.

ನಿನ್ನ
ದೊಡ್ಡಮ್ಮ